ಮಗ್ಗ ನಿಂತ ದಿನದ ಮಾತ್ರೆ

ಪರೀಕ್ಷೆ ಮಾಡಲು ಬಂದವಳು ತನ್ನ ಮಗಳು ನಗ್ಮಾಳಿಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವಳಿರಬಹುದು ಅಷ್ಟೆ ಎಂಬುದು ನಾಸಿರನಿಗೆ ಮೊದಲು ಸಮಾಧಾನ ಕೊಟ್ಟಿತು, ಆಮೇಲೆ ಕಿರಿಕಿರಿ ಮಾಡಿತು. ಹೆಸರು ಸಿಂಚನ. ಇಪ್ಪತ್ತಾರು ವರ್ಷದಿಂದ ಅವನೊಬ್ಬನೇ ಓಡಾಡಿದ ಕೌಂಟರಿನ ಒಳಗಿನ ಇಕ್ಕಟ್ಟು ಜಾಗದಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಸಿಕೊಂಡು, ತೊಡೆಯ ಮೇಲೆ ಒಂದು ಫೈಲಿಟ್ಟುಕೊಂಡು ಕೂತಿದ್ದಳು. ಔಷಧಿ ಅಂಗಡಿಯವರು ಓದಿದ್ದನ್ನು ಇನ್ನೂ ನೆನಪಿಟ್ಟುಕೊಂಡಿದ್ದಾರೋ ಇಲ್ಲವೋ, ಕೆಲಸಕ್ಕೆ ಇನ್ನೂ ಲಾಯಕ್ಕೋ ಅಲ್ಲವೋ ಎಂದು ಈ ವರ್ಷದಿಂದ ಅಂಗಡಿಗೇ ಬಂದು ನೋಡುತ್ತಾರಂತೆ. ನೂರಕ್ಕೆ ಅರವತ್ತು ಬಂದರೆ ನೋಂದಣಿ ಮುಂದುವರಿಯುತ್ತದೆ. ಬರದಿದ್ದರೆ ಆರು ತಿಂಗಳು ಕೌಂಟರಿಗೆ ಬರುವ ಹಾಗಿಲ್ಲ, ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಐವತ್ತೊಂದನೇ ವಯಸ್ಸಿನಲ್ಲಿ. ಹಿಂದೆಲ್ಲ ಹೀಗಿರಲಿಲ್ಲ. ದೇವನಹಳ್ಳಿಯ ಯಾವುದೋ ಕಲ್ಯಾಣ ಮಂಟಪದಲ್ಲಿ ಒಂದು ದಿನ ಉಪನ್ಯಾಸ ಇಡಿಸುತ್ತಿದ್ದರು, ಊಟಕ್ಕೆ ಹೋಳಿಗೆ ಇರುತ್ತಿತ್ತು. ಸೂಲಿಬೆಲೆಯಲ್ಲಿ ಅಂಗಡಿ ಇಟ್ಟಿದ್ದ ವೆಂಕಟರಾಮಪ್ಪ ಊಟ ಮುಗಿದ ತಕ್ಷಣ ನಿದ್ದೆ ಹೋಗಿ, ಚಪ್ಪಾಳೆ ಬಿದ್ದಾಗ ಎದ್ದು ತಾನೂ ನಾಲ್ಕು ಹೊಡೆದು ಮತ್ತೆ ಕಣ್ಣು ಮುಚ್ಚುತ್ತಿದ್ದ. ಸಂಜೆ ಒಂದು ಸಹಿ ಹಾಕಿದರೆ ಮುಂದೆ ಐದು ವರ್ಷ ಯಾರೂ ಏನೂ ಕೇಳುತ್ತಿರಲಿಲ್ಲ.

ಮೊದಲ ಅರ್ಧ ಗಂಟೆಯಲ್ಲೇ ಇದ್ದಬದ್ದ ಮರ್ಯಾದೆ ಹೋಯಿತು. ಫ್ರಿಜ್ಜಿನ ಬಾಗಿಲು ತೆಗೆದ ಸಿಂಚನಳಿಗೆ ಇನ್ಸುಲಿನ್ ಡಬ್ಬಿಗಳ ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟೂ, ಹೆಂಡತಿ ಜಬೀನ್ ಬೆಳಿಗ್ಗೆ ಕಟ್ಟಿಕೊಟ್ಟ ಮೊಸರಿನ ಡಬ್ಬಿಯೂ ಕಂಡವು. ಇದೇನು ಸರ್ ಎಂದಳು. ಹಾಲು ಎಂದ. ಅವಳು ಹಾಲು ಎಂದು ಬರೆದುಕೊಂಡಳು. ಮೊಸರಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ ಅದನ್ನೂ ಬರೆದುಕೊಂಡಳು. ಬೈದಿದ್ದರೆ ವಾಸಿಯಿತ್ತು, ಬೈದವರಿಗೆ ಎದುರು ಉತ್ತರ ಕೊಡಬಹುದು. ಬರೆದುಕೊಳ್ಳುವವರನ್ನು ಏನು ಮಾಡುವುದು? ಗೋಡೆಯ ಮೇಲಿನ ತನ್ನ ಸರ್ಟಿಫಿಕೇಟಿನ ಗಾಜು ಧೂಳು ಹಿಡಿದಿರುವುದು ಅವನಿಗೆ ಆಗಲೇ ಕಂಡದ್ದು. ಫೋಟೋದಲ್ಲಿ ಮೀಸೆ ಕಪ್ಪಗಿತ್ತು. ಅದು ನೀವೇನಾ ಎಂದು ಅವಳು ಕೇಳಲಿಲ್ಲ, ಆದರೆ ಫೋಟೋ ನೋಡಿ ಅವನನ್ನು ನೋಡಿದಳು. ಒಂದು ಪುಣ್ಯವೆಂದರೆ ಅವತ್ತು ಬೀದಿ ತಣ್ಣಗಿತ್ತು. ಮಾಮೂಲಿ ದಿನವಾದರೆ ಸುತ್ತಲ ಮನೆಗಳ ವಿದ್ಯುತ್ ಮಗ್ಗದ ಸದ್ದಿಗೆ ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ. ಮೇಡಂ ಬಂದ ದಿನವೇ ಹೀಗಾಗಿದೆ, ಒಳ್ಳೆಯದೇ ಆಯಿತು ಎಂದುಕೊಂಡ.

ಇಪ್ಪತ್ತು ಪ್ರಶ್ನೆಗಳ ಹಾಳೆ ಕೊಟ್ಟಳು. ಸ್ಟೂಲು ಒಂದೇ ಇದ್ದದ್ದರಿಂದ ಅವನು ಕೌಂಟರಿನ ಮೇಲೆ ಬಗ್ಗಿ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವನ ಹಾಗೆ ನಿಂತುಕೊಂಡೇ ಬರೆದ. ಮಧ್ಯೆ ಗಿರಾಕಿಗಳು ಬಂದು, ಏನ್ ಸಾಬ್ರೆ ಲೆಟರ್ರಾ, ಮಗಳ ಮದುವೆಗೆ ಲಿಸ್ಟಾ ಎಂದರು. ಹ್ಞೂಂ ಎಂದ. ಹದಿನಾಲ್ಕನೇ ಪ್ರಶ್ನೆ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯದು. ಎಷ್ಟು ದಿನಕ್ಕೊಮ್ಮೆ? ಹೆಚ್ಚಾದರೆ ಮೊದಲು ಕಾಣುವ ಸೂಚನೆ ಏನು? ನೀವು ಏನು ಮಾಡುತ್ತೀರಿ? ನಾಸಿರ್ ಕನ್ನಡಕ ಸರಿ ಮಾಡಿಕೊಂಡು ತಡೆಯಿಲ್ಲದೆ ಬರೆದ: ವಾರಕ್ಕೆ ಒಂದೇ ಸಲ, ದಿನಾ ತೆಗೆದುಕೊಂಡರೆ ಜೀವಕ್ಕೆ ಅಪಾಯ, ಬಾಯಲ್ಲಿ ಹುಣ್ಣು, ಜ್ವರ, ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಕಳಿಸುತ್ತೇನೆ. ಸಿಂಚನ ಅದನ್ನು ಓದಿ, ಇದನ್ನ ಇಷ್ಟು ಸರಿಯಾಗಿ ಬರೆದವರು ನೀವೇ ಮೊದಲು ಸರ್ ಎಂದಳು. ಹಾಲಿನ ವಿಷಯ ಸ್ವಲ್ಪ ಹಿಂದೆ ಸರಿಯಿತು. ಅವನು ಅವಳಿಗೆ ಟೀ ತರಿಸಿದ.

ಕೊನೆಯ ಭಾಗ ಮೂವತ್ತು ಅಂಕದ್ದು. ಔಷಧಿ ತೆಗೆದುಕೊಳ್ಳುವ ರೀತಿಯನ್ನು ರೋಗಿಗೆ ಹೇಗೆ ತಿಳಿಸಿ ಹೇಳುತ್ತೀರಿ, ಒಂದು ಉದಾಹರಣೆ ಕೊಡಿ. ಇದಕ್ಕೇ ಅವನು ಕಾದಿದ್ದು. ಮೂರು ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ರೂಢಿ ಮಾಡಿಟ್ಟಿದ್ದ. ಮಗ್ಗದವರ ಕಿವಿ ಮಗ್ಗಕ್ಕೇ ಹೋಗಿರುತ್ತದೆ ಮೇಡಂ, ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾರೆ, ಕೇಳಿಸಿರುವುದಿಲ್ಲ ಎಂದು ಶುರುಮಾಡಿದ. ಹಿಂದಿನ ಬೀದಿಯಲ್ಲಿ ಭಾಗ್ಯಮ್ಮ ಅಂತ ಇದ್ದಾರೆ, ಐವತ್ತೆಂಟು ವರ್ಷ, ಓದು ಬರಹ ಇಲ್ಲ, ಕೈಬೆರಳ ಗೆಣ್ಣೆಲ್ಲ ಊದಿಕೊಂಡಿತ್ತು. ಎರಡು ವರ್ಷದ ಹಿಂದೆ ಡಾಕ್ಟರು ಇದೇ ಮಾತ್ರೆ ಬರೆದರು, ವಾರಕ್ಕೊಂದು. ಮಂಗಳವಾರ ತಗೊಳಿ ಎಂದರೆ ಆಯಮ್ಮ, ಮಂಗಳವಾರ ಯಾವತ್ತು ಅಂತ ನಂಗೆ ಗೊತ್ತಾಗೋದೇ ಮಗ್ಗ ನಿಂತಾಗ ಎಂದಳು. ಈ ಬೀದಿಗಳಲ್ಲಿ ವಾರಕ್ಕೊಂದು ದಿನ, ಮಂಗಳವಾರ, ಮಗ್ಗಕ್ಕೆ ರಜಾ. ಅದನ್ನೇ ಹಿಡಿದುಕೊಂಡೆ. ಮಗ್ಗ ನಿಂತ ದಿನ ಒಂದು ಮಾತ್ರೆ, ಮಗ್ಗ ಓಡೋ ದಿನ ಮುಟ್ಟಕೂಡದು ಎಂದು ಕೈಯಲ್ಲಿ ಮಗ್ಗ ಆಡಿಸಿ, ನಿಲ್ಲಿಸಿ, ಬಾಯಿಗೆ ಕೈ ಇಟ್ಟು ತೋರಿಸಿದೆ. ಕಿವಿ ಬೇಡ, ಓದು ಬೇಡ, ಕ್ಯಾಲೆಂಡರ್ ಬೇಡ. ಮೊದಲು ಕೊಟ್ಟ ಹತ್ತು ಮಾತ್ರೆಯ ಪಟ್ಟಿ ಸರಿಯಾಗಿ ಹತ್ತು ವಾರ ಬಂತು ಮೇಡಂ. ಕೈಯಾಡಿಸಿ ತೋರಿಸುತ್ತ ತೋರಿಸುತ್ತ ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು. ಸಿಂಚನ ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು.

ಹೇಳಿದ್ದನ್ನ ಅವರಿಂದ ವಾಪಸ್ ಹೇಳಿಸ್ತೀರಾ ಸರ್, ಅದಕ್ಕೊಂದು ಕಾಲಂ ಇದೆ ಎಂದಳು. ಹೇಳಿಸ್ತೀನಿ ಎಂದುಬಿಟ್ಟ. ನಾಲಿಗೆಗೆ ಮೂಳೆ ಇಲ್ಲವಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಹೇಳಿಸಿರಲಿಲ್ಲ, ಹೇಳಿಸಬಾರದು ಎಂದೇ ಇದ್ದ. ಅವನು ಕೆಲಸ ಕಲಿತದ್ದು ಕೋದಂಡರಾಮಯ್ಯನವರ ಅಂಗಡಿಯಲ್ಲಿ. ಅವರದು ಒಂದೇ ಹಟ: ಔಷಧಿ ಕೈಗೆ ಕೊಡುವ ಮೊದಲು, ಈಗ ನೀನು ಹೇಳು ಎನ್ನುವರು. ತಪ್ಪಿದರೆ ಮತ್ತೆ ಹೇಳು. ಒಂದು ಸಲ ಅವನ ತಾಯಿ ಅಖ್ತರ್ ಬೇಗಂ ಮಗ ಇರುವ ಅಂಗಡಿಯೆಂದು ಜಂಬದಿಂದಲೇ ಕೆಮ್ಮಿನ ಔಷಧಿಗೆ ಬಂದಳು. ಮನೆಯಲ್ಲಿ ದಖನಿ ಉರ್ದು ಬಿಟ್ಟು ಬೇರೆ ಮಾತು ಆಡದವಳು. ಊಟ ಆದ್ಮೇಲೆ ಎನ್ನುವುದನ್ನು ಅವಳು ಮೂರು ಸಲ ತಪ್ಪಾಗಿ ಹೇಳಿದಳು. ಮೂರು ಸಲವೂ ಕೋದಂಡರಾಮಯ್ಯ ತಿದ್ದಿದರು. ಹಿಂದೆ ನಿಂತಿದ್ದವರು ನಕ್ಕರು, ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾಸಿರನೂ ನಕ್ಕಿದ್ದ, ಅದನ್ನು ಇನ್ನೂ ಮರೆತಿಲ್ಲ. ಅವತ್ತಿನಿಂದ ಅವಳು ಆ ಅಂಗಡಿಗೆ ಬರಲಿಲ್ಲ. ನನ್ನ ಅಂಗಡಿಯಲ್ಲಿ ಯಾರನ್ನೂ ಪಾಠ ಒಪ್ಪಿಸಲು ನಿಲ್ಲಿಸುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ್ದ, ಅದನ್ನು ತನ್ನ ಒಳ್ಳೆಯತನಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟುಕೊಂಡಿದ್ದ. ಸಿಂಚನ ಆ ಕಾಲಮ್ಮಿನಲ್ಲಿ ಹೌದು ಎಂದು ಗುರುತು ಹಾಕಿದಳು.

ಮಗ್ಗದ ಉಪಾಯವನ್ನು ರಿಪೋರ್ಟಿನಲ್ಲಿ ಬೇರೆಯಾಗಿಯೇ ಬರೆಯುತ್ತೇನೆ ಎಂದಳು. ನಾಳೆ ನೆಲಮಂಗಲದಲ್ಲಿ ನಲವತ್ತು ಜನರ ತರಬೇತಿ ಇದೆ, ಅಲ್ಲೂ ಹೇಳುತ್ತೇನೆ ಎಂದಳು. ಹಾಳೆ ಮಗುಚುತ್ತ, ಮಾತಿಗೆ ಮಾತು ಎನ್ನುವ ಹಾಗೆ, ಇವತ್ತು ಗುರುವಾರ ಅಲ್ವಾ ಸರ್, ಮಗ್ಗದ ಸದ್ದೇ ಇಲ್ಲವಲ್ಲ, ಏನಾದರೂ ಹಬ್ಬವಾ ಎಂದು ಕೇಳಿದಳು. ಹಬ್ಬವೂ ಇಲ್ಲ ಗಿಬ್ಬವೂ ಇಲ್ಲ ಮೇಡಂ, ಸೀರೆಗೆ ಆರ್ಡರ್ ಇಲ್ಲ, ಎರಡು ತಿಂಗಳಿಂದ ಹೀಗೇ, ವಾರದಲ್ಲಿ ಮೂರು ದಿನ ಮಗ್ಗ ಓಡಿದರೆ ಹೆಚ್ಚು, ಮಿಕ್ಕ ನಾಲ್ಕು ದಿನ ನಿಂತೇ ಇರುತ್ತೆ ಎಂದು ನಾಸಿರ್ ಹೇಳಿದ. ಸರಾಗವಾಗಿ ಹೇಳಿದ. ದಿನಾ ಹತ್ತು ಜನಕ್ಕೆ ಹೇಳುವ ಮಾತು. ಹೇಳಿ ಮುಗಿಸಿ, ಗ್ಲಾಸು ಎತ್ತಿ, ಟೀ ಬಾಯಲ್ಲಿ ಇಟ್ಟುಕೊಂಡಾಗ ತಾನು ಹೇಳಿದ್ದು ತನಗೆ ಕೇಳಿಸಿತು. ಮಗ್ಗ ನಿಂತ ದಿನ ಒಂದು ಮಾತ್ರೆ. ಗ್ಲಾಸು ಕೆಳಗಿಟ್ಟ.

ಸಿಂಚನ ಅಯ್ಯೋ ಪಾಪ ಎಂದು ಅಂಕ ಕೂಡಿಸುವುದಕ್ಕೆ ಶುರುಮಾಡಿದಳು. ಅವಳಿಗೆ ಏನೂ ಹೊಳೆದಿರಲಿಲ್ಲ. ಈಗಲೇ ಹೇಳಬೇಕು, ಮೇಡಂ ಒಂದು ನಿಮಿಷ ಎನ್ನಬೇಕು ಎಂದು ಅವನು ಬಾಯಿ ತೆರೆದ, ತೆರೆದು, ಇನ್ನೊಂದು ಟೀ ಹೇಳಲಾ ಎಂದ. ಬೇಡ ಎಂದಳು. ಹಾಗೇನೂ ಆಗಿರಲಿಕ್ಕಿಲ್ಲ. ಆಯಮ್ಮ ಅಷ್ಟು ಪೆದ್ದಿಯಲ್ಲ. ವಾರಕ್ಕೊಂದು ಎಂದು ಡಾಕ್ಟರೂ ಹೇಳಿರುತ್ತಾರೆ. ಅವಳ ಮಗ ಮುನಿಕೃಷ್ಣ ಪಿಯುಸಿ ಓದಿದವನು, ನೋಡಿಕೊಳ್ಳುತ್ತಾನೆ. ಆದರೆ ಇದೇ ಮುನಿಕೃಷ್ಣ ಹಿಂದಿನ ತಿಂಗಳು ಒಂದು ಪಟ್ಟಿ ತೆಗೆದುಕೊಂಡು ಹೋಗಿ, ಮೂರು ವಾರ ಆಗುವುದರೊಳಗೆ ಇನ್ನೊಂದು ಕೇಳಿಕೊಂಡು ಬಂದಿದ್ದ. ನಾಸಿರ್ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಲೇ ಎತ್ತಿ ಕೊಟ್ಟಿದ್ದ. ಅದೂ ಹೋಗಲಿ. ಹತ್ತು ದಿನದ ಹಿಂದೆ, ಹೌದು, ಹೋದ ಸೋಮವಾರದ ಹಿಂದಿನ ಸೋಮವಾರ, ಭಾಗ್ಯಮ್ಮ ತಾನೇ ಬಂದು ಕೆಳತುಟಿ ಮಗುಚಿ ತೋರಿಸಿದ್ದಳು. ಒಳಗೆಲ್ಲ ಬೆಳ್ಳಗೆ ಹುಣ್ಣು. ಖಾರ ತಿನ್ನೋಕಾಗ್ತಿಲ್ಲ ಸಾಬ್ರೆ ಎಂದಿದ್ದಳು. ಉಷ್ಣ ಆಗಿದೆ ಅಕ್ಕ, ಮಜ್ಜಿಗೆ ಕುಡೀರಿ ಎಂದು ಹುಣ್ಣಿಗೆ ಹಚ್ಚುವ ಮುಲಾಮು ಕೊಟ್ಟು ಕಳಿಸಿದ್ದ. ಹದಿನಾಲ್ಕನೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡ ಕೈ ಅದೇ. ಪ್ರಶ್ನೆಯಾಗಿ ಬಂದಾಗ ಗೊತ್ತಿತ್ತು, ಹೆಂಗಸಾಗಿ ಎದುರಿಗೆ ಬಂದಾಗ ಗೊತ್ತಾಗಲಿಲ್ಲ. ಅವನಿಗೆ ಅಳು ಬರುವ ಹಾಗಾಯಿತು, ಅಷ್ಟರಲ್ಲಿ ಯಾರೋ ಬಂದು ತಲೆನೋವಿನ ಮಾತ್ರೆ ಕೇಳಿದರು, ಕೊಟ್ಟ.

ಸಿಂಚನ ಹೊರಟದ್ದು ಒಂದೂಕಾಲಕ್ಕೆ. ಆ ಮಾತು ಬಾಯಿಂದ ಬಿದ್ದು ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅವನು ಅವಳಿಗೆ ಎಕ್ಸ್‌ಪೈರಿ ಆದ ಔಷಧಿಗಳ ಪೆಟ್ಟಿಗೆ ತೋರಿಸಿದ, ಕೇಳಿದ ಪುಸ್ತಕ ತೆಗೆದುಕೊಟ್ಟ, ಹೇಳಿದ ಕಡೆ ಸಹಿ ಹಾಕಿದ. ಮುನಿಕೃಷ್ಣನಿಗೆ ಒಂದು ಫೋನ್ ಮಾಡಬಹುದಿತ್ತು. ಪಕ್ಕದಲ್ಲೇ ಇವಳು ಕೂತಿದ್ದಾಳಲ್ಲ, ಕೇಳಿಸುತ್ತದೆ. ಮುಕ್ಕಾಲು ಗಂಟೆಯಲ್ಲಿ ಏನಾಗಿಬಿಡುತ್ತದೆ, ಆಗುವುದು ಆಗಲೇ ಆಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ನಿಜವೇ ಆಗಿತ್ತು ಎಂಬುದು ಇನ್ನೂ ಅಸಹ್ಯವಾಗಿತ್ತು. ಎಂಬತ್ತೊಂಬತ್ತು ಸರ್, ಹಾಲು ಇಲ್ಲದಿದ್ದರೆ ತೊಂಬತ್ತು ದಾಟುತ್ತಿತ್ತು ಎಂದು ಅವಳು ನಕ್ಕಳು. ಅವನೂ ನಕ್ಕ. ಅವಳ ಸ್ಕೂಟರ್ ತಿರುವು ದಾಟುವ ತನಕ ಮೆಟ್ಟಿಲ ಮೇಲೆ ನಿಂತಿದ್ದು, ಅರ್ಧ ಶಟರ್ ಎಳೆದು, ಮತ್ತೆ ಪೂರ್ತಿ ಎಳೆದು, ಹಿಂದಿನ ಬೀದಿಗೆ ಓಡುನಡಿಗೆಯಲ್ಲಿ ಹೋದ.

ಭಾಗ್ಯಮ್ಮನ ಮನೆ ಎಂದರೆ ಮುಂದೆ ಮಗ್ಗ, ಹಿಂದೆ ಒಲೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಧೂಳು ಬೀಳದ ಹಾಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದರು. ಅದರ ಪಕ್ಕದಲ್ಲೇ ಚಾಪೆಯ ಮೇಲೆ ಅವಳು ಮಲಗಿದ್ದಳು. ಮೂರು ದಿನದಿಂದ ಜ್ವರ, ಗಂಜಿ ಬಿಟ್ಟು ಏನೂ ಇಳಿಯುತ್ತಿಲ್ಲ, ನಾಳೆ ಕರ್ಕೊಂಡು ಹೋಗೋಣ ಅಂತಿದ್ದೆ ಎಂದು ಹೇಳಿ ಮುನಿಕೃಷ್ಣ ನೀರು ತರಲು ಹೊರಗೆ ಹೋದ. ತೋಳಿನ ಮೇಲೆ ಯಾರೋ ಹಿಂಡಿದ ಹಾಗೆ ನೀಲಿ ಗುರುತುಗಳಿದ್ದವು. ನಾಸಿರ್ ಅವಳ ಕಣ್ಣೆದುರಿಗೆ ಬರುವ ಹಾಗೆ ಕೂತು, ತುಟಿ ಬಿಡಿಸಿ ಬಿಡಿಸಿ, ಜೀವಮಾನದಲ್ಲಿ ಮೊದಲ ಸಲ ಕೇಳಿದ.

"ಅಕ್ಕ, ಆ ಹಳದಿ ಮಾತ್ರೆ ಹೆಂಗೆ ತಗೋತಿದೀರ, ನೀವೇ ಹೇಳಿ ನೋಡಣ."

ಅವಳು ನಗಲು ಹೋಗಿ ತುಟಿ ಉರಿದು ನಿಲ್ಲಿಸಿದಳು. "ನೀವ್ ಹೇಳ್ದಂಗೇ ಸಾಬ್ರೆ. ಮಗ್ಗ ನಿಂತ ದಿನ ಒಂದು. ಒಂದ್ ದಿನಾನೂ ತಪ್ಪಿಸಿಲ್ಲ."

ನಿಲ್ಲುವ ದಿನ ಜಾಸ್ತಿಯಾಯಿತಲ್ಲ, ಅದಕ್ಕೇ ಪಟ್ಟಿ ಬೇಗ ಖಾಲಿಯಾಗುತ್ತಿದೆ, ತರಲು ಹೇಳಿದರೆ ಅವನು ಗೊಣಗುತ್ತಾನೆ ಎಂದು ಮಗನ ಮೇಲೆ ದೂರು ಹೇಳಿದಳು. ಅವಳಿಗೆ ಅವಳದೇ ಒಂದು ಲೆಕ್ಕಾಚಾರವೂ ಇತ್ತು: ಮಾತ್ರೆ ನುಂಗಿದ ದಿನ ಸುಸ್ತಾಗುತ್ತದೆ, ಕೆಲಸದ ದಿನ ಸುಸ್ತಾಗಬಾರದು ಎಂದೇ ಸಾಬರು ನಿಂತ ದಿನ ನುಂಗು ಎಂದಿರಬೇಕು, ಈಗ ಕೆಲಸವೇ ಇಲ್ಲವಲ್ಲ, ಕೈನೋವಾದರೂ ಚೆನ್ನಾಗಿ ವಾಸಿಯಾಗಲಿ. ಇವತ್ತಿನದು ಬೆಳಿಗ್ಗೆಯೇ ಗಂಜಿಯ ಜೊತೆ ಆಯಿತು ಎಂದಳು. ಈ ವಾರದ್ದು ಎಷ್ಟನೆಯದು ಎಂದು ಕೇಳಿದ್ದಕ್ಕೆ ಊದಿದ ಬೆರಳು ಮಡಚಿ ನಾಲ್ಕು ತೋರಿಸಿದಳು. ನಾಸಿರನಿಗೆ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದುಕೊಳ್ಳಲಿಲ್ಲ. ಆಟೋ ಕರಿ ಎಂದು ವಾಪಸ್ ಬಂದ ಮುನಿಕೃಷ್ಣನಿಗೆ ಹೇಳಿದ.

ಆಸ್ಪತ್ರೆಯಲ್ಲಿ, ವಾರದ ಮಾತ್ರೆಯನ್ನು ವಾರಕ್ಕೆ ನಾಲ್ಕು ನುಂಗಿದ್ದಾರೆ ಎಂದಷ್ಟೇ ನಾಸಿರ್ ನರ್ಸಿಗೆ ಹೇಳಿದ, ರಕ್ತ ತೆಗೆದುಕೊಂಡರು. ಮುನಿಕೃಷ್ಣ ಎಲ್ಲಿಂದಲೋ ಒಂದು ಕುರ್ಚಿ ತಂದು ಅವನನ್ನು ಕೂರಿಸಿ ತಾನು ನಿಂತುಕೊಂಡ. ದೇವರು ಬಂದಂಗೆ ಬಂದ್ರಿ ನಾಸಿರಣ್ಣ, ಇಲ್ದಿದ್ರೆ ನಾನು ನಾಳೆ ನಾಳೆ ಅಂತಾನೇ ಇರ್ತಿದ್ದೆ ಎಂದ. ಈ ಮಾತನ್ನು ಅಲ್ಲೇ ತಡೆಯಬೇಕಿತ್ತು. ನಾಸಿರ್ ಅವನ ಕೈ ಒತ್ತಿದ. ಒಳ್ಳೆಯವನೆನಿಸಿಕೊಳ್ಳುವುದು ಇಷ್ಟು ಸುಲಭವಾಗಿ ಸಿಗುವಾಗ ಯಾರು ಬೇಡ ಅನ್ನುತ್ತಾರೆ. ಜೇಬಿನಲ್ಲಿ ಫೋನ್ ಅಲುಗಾಡಿತು. ಸಿಂಚನಳ ಮೆಸೇಜು: ನಿಮ್ಮ ಮಗ್ಗದ ಉಪಾಯವನ್ನು ನಾಳೆಯ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ ಸರ್. ನಲವತ್ತು ಜನ, ನಲವತ್ತು ಕೌಂಟರು. ಅವನು ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಬರೆದ: ಹೇಳಬೇಡಿ ಮೇಡಂ. ಆ ಹೆಂಗಸು ಆಸ್ಪತ್ರೆಯಲ್ಲಿದ್ದಾರೆ. ಮಗ್ಗ ವಾರಕ್ಕೆ ನಾಲ್ಕು ದಿನ ನಿಂತಿದೆ. ವಾಪಸ್ ಹೇಳಿಸ್ತೀನಿ ಅಂದದ್ದೂ ಸುಳ್ಳು, ಅಂಕ ತೆಗೆದುಹಾಕಿ. ಕಳಿಸಿದ. ತಕ್ಷಣ ಅವಳ ಫೋನ್ ಬಂತು. ಎತ್ತಲಿಲ್ಲ. ಬರೆದು ಕಳಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ಕಾಣದವರ ಮುಂದೆ ಯಾರು ಬೇಕಾದರೂ ಸತ್ಯ ಹೇಳುತ್ತಾರೆ ಎಂದು ಅವನಿಗೇ ಗೊತ್ತಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರ್ ಅಂಜನ್ ಎಂಬ ಹುಡುಗ ರಿಪೋರ್ಟ್ ನೋಡಿ, ರಕ್ತದಲ್ಲಿ ಬಿಳಿ ಕಣ ತೀರಾ ಇಳಿದುಬಿಟ್ಟಿದೆ, ಬೆಂಗಳೂರಿಗೆ ಕಳಿಸುತ್ತೇನೆ, ಈ ಎರಡು ಮೂರು ದಿನ ಕಳೆದರೆ ಉಳೀತಾರೆ, ಈಗಲೇ ಏನೂ ಹೇಳಲಾಗುವುದಿಲ್ಲ ಎಂದ. ಆಂಬ್ಯುಲೆನ್ಸಿಗೆ ಹೇಳಿ, ಕಾಗದ ತಯಾರು ಮಾಡಲು ಮಂಚದ ಪಕ್ಕ ನಿಂತು, ಮಾಸ್ಕ್ ಕೆಳಗೆ ಎಳೆದುಕೊಂಡು ಭಾಗ್ಯಮ್ಮನನ್ನು ಕೇಳಿದ.

"ವಾರಕ್ಕೊಂದು ನುಂಗೋ ಮಾತ್ರೇನ ಹಿಂಗೆ ನುಂಗು ಅಂತ ಯಾರಮ್ಮ ಹೇಳಿದ್ದು?"

ಅವಳು ಅವನ ತುಟಿಯನ್ನೇ ನೋಡಿದಳು. ಆಮೇಲೆ ಕತ್ತು ಹೊರಳಿಸಿ, ಮಂಚದ ಕಾಲ ಕಡೆ ನಿಂತಿದ್ದ ನಾಸಿರನನ್ನು ನೋಡಿದಳು. ಅವನ ಮುಖದಲ್ಲಿ ಏನು ಕಂಡಿತೋ. ಆಟೋದಲ್ಲೇ ಅರ್ಥ ಮಾಡಿಕೊಂಡಿದ್ದಳೋ ಏನೋ, ಕಿವಿ ಇಲ್ಲದವರಿಗೆ ಮುಖ ಬೇಗ ತಿಳಿಯುತ್ತದೆ.

"ಯಾರೂ ಹೇಳಿಲ್ಲ ಸಾಮಿ. ನಂಗೆ ಕಿವಿ ಮಂದ. ನಾನೇ ತಪ್ಪು ತಿಳ್ಕಂಡೆ."

ಮುನಿಕೃಷ್ಣನಿಗೆ ರೇಗಿಹೋಯಿತು. ಎಷ್ಟು ಸಲ ಬಡ್ಕೊಂಡಿದೀನಿ, ಗೊತ್ತಾಗದಿದ್ರೆ ಇನ್ನೊಂದ್ ಸಲ ಕೇಳು ಅಂತ, ಸುಮ್ನೆ ತಲೆ ಆಡಿಸ್ಕೊಂಡು ಬರ್ತೀಯ, ಈಗ ನೋಡು, ನಾಸಿರಣ್ಣ ಅಂಗಡಿ ಮುಚ್ಚಿ ಓಡಾಡಬೇಕು ನಿನ್ನಿಂದ ಎಂದು ಜ್ವರದಲ್ಲಿದ್ದವಳನ್ನು ಬೈದ. ಅವಳು ಬೈಸಿಕೊಂಡಳು. ಡಾಕ್ಟರ್ ಬರೆಯುವುದಕ್ಕೆ ಶುರುಮಾಡಿದ. ರೋಗಿಯ ತಪ್ಪು ತಿಳುವಳಿಕೆಯಿಂದ ಎನ್ನುವಷ್ಟೇ ಸಾಲು, ಬರೆದು ಮುಗಿದರೆ ಮುಗಿಯಿತು, ಯಾರೂ ಮತ್ತೆ ತೆಗೆದು ನೋಡುವುದಿಲ್ಲ. ತಮ್ಮನ್ನೇ ನೋಡಿ ನಗುತ್ತಿದ್ದಾರೆ ಎಂದು ಗೊತ್ತಿದ್ದೂ ತನ್ನ ತಾಯಿಯ ಹಾಗೆ ಸೆರಗಿನಲ್ಲಿ ಬಾಯಿ ಮುಚ್ಚಿ ಎಲ್ಲರ ಜೊತೆ ನಗುವ ಹೆಂಗಸರು ಎಷ್ಟು ಜನ ಇರಬಹುದು ಎಂದು ಅವನಿಗೆ ಅನ್ನಿಸಿತು.

"ಅದನ್ನ ಬರೀಬೇಡಿ ಡಾಕ್ಟ್ರೆ," ಎಂದ. "ಅವರು ಸರಿಯಾಗೇ ತಿಳ್ಕೊಂಡಿದಾರೆ, ಸರಿಯಾಗೇ ನುಂಗಿದಾರೆ. ನಾನು ಹೇಳಿದ್ದೇ ಹಂಗೆ. ಬಾಯಿ ಹುಣ್ಣಾಗಿದೆ ಅಂತ ಬಂದಾಗಲೂ ನಾನೇ ಮುಲಾಮು ಕೊಟ್ಟು ಕಳಿಸ್ದೆ."

ಡಾಕ್ಟರ್ ತಲೆಯೆತ್ತಿದ. ನೀವು ಇವರಿಗೆ ಏನಾಗಬೇಕು ಎಂದು ಕೇಳಿದ. ಔಷಧಿ ಅಂಗಡಿಯವನು ಎಂದ. ಡಾಕ್ಟರ್ ಬರೆದಿದ್ದನ್ನು ಹೊಡೆದುಹಾಕಿ, ಹೆಸರು, ನೋಂದಣಿ ನಂಬರು ಕೇಳಿ ಬರೆದುಕೊಂಡ. ಭಾಗ್ಯಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ಅವಳಿಗೆ ಏನೂ ಕೇಳಿಸಲಿಲ್ಲ. ಮುನಿಕೃಷ್ಣ ತಾಯಿಯ ಕಾಲ ಮೇಲೆ ಹೊದಿಕೆ ಎಳೆದು, ಎಳೆದದ್ದನ್ನೇ ಮತ್ತೆ ಎಳೆದ. ಆಮೇಲೆ ನಾಸಿರನ ಕಡೆ ನೋಡದೆ, ನೀವು ಹೋಗಿ, ಅಂಗಡಿ ನೋಡ್ಕೊಳಿ ಎಂದ. ಅಣ್ಣ ಎನ್ನಲಿಲ್ಲ.

ಹೊರಗೆ ಆಂಬ್ಯುಲೆನ್ಸ್ ಬಂದು ನಿಂತಿತು. ಸ್ಟ್ರೆಚರಿನ ತಲೆ ಕಡೆ ವಾರ್ಡಿನವನು ಹಿಡಿದ, ಕಾಲ ಕಡೆ ಒಂದು ಬದಿಗೆ ಮುನಿಕೃಷ್ಣ ಹಿಡಿದ. ಇನ್ನೊಂದು ಬದಿಗೆ ಯಾರೂ ಇರಲಿಲ್ಲ. ನಾಸಿರ್ ಹೋಗಿ ಹಿಡಿದುಕೊಂಡ. ಮುನಿಕೃಷ್ಣ ಬೇಡ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ. ಮೂವರೂ ಎತ್ತಿದರು. ಅವಳು ಬಹಳ ಹಗುರವಾಗಿದ್ದಳು.